ಆಂತೊನಿಯೊ ದೆ ನೆಬ್ರಿಹಾ

ಆಂತೊನಿಯೊ ದೆ ನೆಬ್ರಿಹಾ (1444–1522) ಸ್ಪೇನ್ ದೇಶದ ವೈಯಾಕರಣ, ನಿಘಂಟುಕಾರ ಹಾಗೂ ಲ್ಯಾಟಿನ್ ವಿದ್ವಾಂಸ. ಇಂದು ಸ್ಪ್ಯಾನಿಷ್ ಎಂದು ಕರೆಯಲ್ಪಡುವ ಕಾಸ್ತೀಲಿಯನ್ ಭಾಷೆಗೆ ಮೊತ್ತಮೊದಲ ವ್ಯಾಕರಣ ಗ್ರಂಥವನ್ನು ರಚಿಸಿದವನು ಇವನೇ. 1492ರ ಆಗಸ್ಟ್ 18ರಂದು ಸಲಮಾಂಕಾ ನಗರದಲ್ಲಿ ಅಚ್ಚಾಗಿ ಮುಗಿದ ಈ ಗ್ರಂಥವು ಆಧುನಿಕ ಯುರೋಪಿನ ದೇಶಭಾಷೆಯೊಂದಕ್ಕೆ ಮುದ್ರಣಗೊಂಡ ಪ್ರಥಮ ವ್ಯಾಕರಣವೆಂದು ಪರಿಗಣಿತವಾಗಿದೆ. ಸ್ಪ್ಯಾನಿಷ್ ಕಲಿಯಲು ತೊಡಗಿದ ಯಾವ ವಿದ್ಯಾರ್ಥಿಯೂ ಮೊದಲ ವಾರದಲ್ಲೇ ಎದುರಿಸುವ ಮೂರು ಬಗೆಯ ಕ್ರಿಯಾಪದಗಳ ವಿಂಗಡಣೆ, ನಾಮಪದಕ್ಕೆ ಮುಂಚೆ ಬರುವ ಉಪಪದ, ಉಚ್ಚಾರಣೆಯನ್ನು ಅನುಸರಿಸುವ ಕಾಗುಣಿತ ಮೊದಲಾದವುಗಳನ್ನು ನಿಯಮಕ್ಕೆ ತಂದವರಲ್ಲಿ ಇವನೇ ಮೊದಲಿಗ.

ಜನನ ಮತ್ತು ವಿದ್ಯಾಭ್ಯಾಸ

ನೆಬ್ರಿಹಾ ಹುಟ್ಟಿದ್ದು ದಕ್ಷಿಣ ಸ್ಪೇನಿನ ಆಂಡಲೂಸಿಯಾ ಪ್ರಾಂತ್ಯದ ಲೆಬ್ರಿಹಾ ಎಂಬ ಊರಿನಲ್ಲಿ. ಸೆವಿಲ್ ನಗರಕ್ಕೆ ದಕ್ಷಿಣದಲ್ಲಿ, ಗ್ವಾದಲ್ಕಿವಿರ್ ನದಿಯ ಜೌಗುಭೂಮಿಯ ಅಂಚಿನಲ್ಲಿರುವ ಈ ಊರನ್ನು ರೋಮನರು ನೆಬ್ರಿಸ್ಸಾ ಎಂದು ಕರೆಯುತ್ತಿದ್ದರು. ಅವನ ತಂದೆ ಹುವಾನ್ ಮಾರ್ತಿನೆಸ್ ದೆ ಕಾಲಾ; ತಾಯಿ ಕತಲೀನಾ ದೆ ಶರಾನಾ. ಹುಟ್ಟಿದ ವರ್ಷವನ್ನು 1441 ಎಂದು ಹೇಳುವವರೂ ಉಂಟು. ಆದರೆ 1445ರಲ್ಲಿ ನಡೆದ ಓಲ್ಮೆದೊ ಕದನಕ್ಕೆ ಒಂದು ವರ್ಷ ಮೊದಲು ತಾನು ಹುಟ್ಟಿದುದಾಗಿ ಅವನೇ ತಿಳಿಸಿರುವುದರಿಂದ 1444 ಎಂಬುದೇ ಹೆಚ್ಚು ಬಳಕೆಯಲ್ಲಿದೆ.

ಆಂತೊನಿಯೊ ಮಾರ್ತಿನೆಸ್ ದೆ ಕಾಲಾ ಎಂಬ ಮನೆತನದ ಹೆಸರನ್ನು ಅವನು ಮುಂದೆ ಬಿಟ್ಟುಬಿಟ್ಟನು. ಊರಿನ ಹೆಸರನ್ನೂ, ಆ ಸೀಮೆಯ ರೋಮನ್ ಶಾಸನಗಳಲ್ಲಿ ಕಾಣುವ ಐಲಿಯಸ್ ಎಂಬ ಕುಲನಾಮವನ್ನೂ ಸೇರಿಸಿಕೊಂಡು ಐಲಿಯಸ್ ಅಂತೋನಿಯಸ್ ನೆಬ್ರಿಸ್ಸೆನ್ಸಿಸ್ ಎಂದು ಲ್ಯಾಟಿನ್ ರೀತಿಯಲ್ಲಿ ಸಹಿ ಹಾಕತೊಡಗಿದನು. ಹುಟ್ಟೂರನ್ನು ಹೆಸರಿನ ಮುಂದಿಟ್ಟುಕೊಳ್ಳುವ ಪದ್ಧತಿ ಕನ್ನಡಿಗರಿಗೆ ಹೊಸದಲ್ಲ. ಆದರೆ ಇಲ್ಲಿ ಊರಿನ ಮೇಲಿನ ಅಭಿಮಾನಕ್ಕಿಂತ, ತಾನು ಪ್ರಾಚೀನ ರೋಮಿನ ವಾರಸುದಾರನೆಂಬ ಹೆಮ್ಮೆಯೇ ಹೆಚ್ಚಾಗಿ ಕೆಲಸ ಮಾಡಿದಂತೆ ತೋರುತ್ತದೆ.

ಹದಿಹರೆಯದಲ್ಲಿ ಸಲಮಾಂಕಾ ವಿಶ್ವವಿದ್ಯಾನಿಲಯವನ್ನು ಸೇರಿ ಐದು ವರ್ಷಗಳ ಕಾಲ ಗಣಿತ, ತತ್ತ್ವಶಾಸ್ತ್ರ ಮುಂತಾದವನ್ನು ಅಭ್ಯಸಿಸಿದನು. ಅಲ್ಲಿನ ಅಧ್ಯಾಪಕರು ವಿಷಯ ಬಲ್ಲವರಾಗಿದ್ದರೂ ಅದನ್ನು ಶುದ್ಧ ಲ್ಯಾಟಿನ್ನಿನಲ್ಲಿ ಹೇಳಬಲ್ಲವರಾಗಿರಲಿಲ್ಲವೆಂಬುದು ಅವನ ಅಸಮಾಧಾನ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಇಟಲಿಗೆ ತೆರಳಿ, ಬೊಲೊನ್ಯಾ ನಗರದಲ್ಲಿ ಸ್ಪೇನಿನ ವಿದ್ಯಾರ್ಥಿಗಳಿಗಾಗಿಯೇ ಇದ್ದ ಸಾನ್ ಕ್ಲೆಮೆಂತೆ ಕಾಲೇಜನ್ನು ಸೇರಿದನು. ಆ ಕಾಲದಲ್ಲಿ ಇಟಲಿಗೆ ಹೋಗುತ್ತಿದ್ದವರಲ್ಲಿ ಹೆಚ್ಚಿನವರು ಚರ್ಚಿನ ಉಂಬಳಿಗಾಗಿಯೋ ಕಾನೂನು ಪದವಿಗಾಗಿಯೋ ಹೋಗುತ್ತಿದ್ದರು. ನೆಬ್ರಿಹಾನ ಗುರಿ ಬೇರೆಯಾಗಿತ್ತು. ಇಟಲಿಯ ಮಾನವತಾವಾದಿ ಪಂಡಿತರು ಪ್ರಾಚೀನ ಗ್ರಂಥಗಳನ್ನು ಮೂಲದಲ್ಲಿ ಓದಿ, ಮಧ್ಯಯುಗದಲ್ಲಿ ಕೆಟ್ಟುಹೋಗಿದ್ದ ಲ್ಯಾಟಿನ್ನನ್ನು ಸಿಸೆರೊ, ಕ್ವಿಂಟಿಲಿಯನ್‌ರ ಮಟ್ಟಕ್ಕೆ ಮರಳಿಸಲು ಶ್ರಮಿಸುತ್ತಿದ್ದರು. ಆ ವಿದ್ಯೆಯನ್ನು ಸ್ಪೇನಿಗೆ ತರಬೇಕೆಂಬುದೇ ಅವನ ಸಂಕಲ್ಪ.

ಸಲಮಾಂಕಾದ ಅಧ್ಯಾಪಕ

1470ರಲ್ಲಿ ತಾಯ್ನಾಡಿಗೆ ಮರಳಿದ ನೆಬ್ರಿಹಾ ಸೆವಿಲ್‌ನ ಆರ್ಚ್‌ಬಿಷಪ್ ಅಲೋನ್ಸೊ ದೆ ಫೋನ್ಸೆಕನ ಆಶ್ರಯದಲ್ಲಿ ಮೂರು ವರ್ಷ ಇದ್ದು, ಅವನ ಬಂಧುವಾದ ಬಾಲಕನಿಗೆ ಪಾಠ ಹೇಳಿದನು. 1473ರಲ್ಲಿ ಫೋನ್ಸೆಕ ತೀರಿಕೊಂಡ ಮೇಲೆ, 1475ರಿಂದ ಸಲಮಾಂಕಾ ವಿಶ್ವವಿದ್ಯಾನಿಲಯದಲ್ಲಿ ಬೋಧನೆ ಆರಂಭಿಸಿದನು. ಇಸಬೆಲ್ ಸೊಲೀಸ್ ಎಂಬಾಕೆಯನ್ನು ಮದುವೆಯಾದುದರಿಂದ ಚರ್ಚಿನ ಉನ್ನತ ಹುದ್ದೆಗಳ ಬಾಗಿಲು ಅವನಿಗೆ ಮುಚ್ಚಿತು. ಹಲವು ಮಕ್ಕಳ ದೊಡ್ಡ ಸಂಸಾರವನ್ನು ಅಧ್ಯಾಪಕನ ಸಂಬಳದಲ್ಲಿ ತೂಗಿಸಬೇಕಾಯಿತು. ಅವನ ಜೀವನದುದ್ದಕ್ಕೂ ಕಾಣುವ ಆಶ್ರಯದಾತರ ಹುಡುಕಾಟಕ್ಕೆ ಇದೂ ಒಂದು ಕಾರಣ.

1481ರಲ್ಲಿ ಪ್ರಕಟವಾದ ಇಂತ್ರೊದುಕ್ಸಿಯೋನೆಸ್ ಲತೀನೆ ಎಂಬ ಲ್ಯಾಟಿನ್ ಪಠ್ಯಪುಸ್ತಕ ಅವನನ್ನು ದೇಶದಾದ್ಯಂತ ಪ್ರಸಿದ್ಧಗೊಳಿಸಿತು. ಅಲ್ಲಿಯವರೆಗೆ ವಿದ್ಯಾರ್ಥಿಗಳು ಅರ್ಥವಾಗದ ಪದ್ಯಸೂತ್ರಗಳನ್ನು ಬಾಯಿಪಾಠ ಮಾಡಿ ಲ್ಯಾಟಿನ್ ಕಲಿಯುತ್ತಿದ್ದರು. ನೆಬ್ರಿಹಾ ಮೊದಲು ರೂಪಗಳ ಪಟ್ಟಿ, ಆಮೇಲೆ ನಿಯಮ, ಅದಕ್ಕೆ ಉತ್ತಮ ಲೇಖಕರ ಪ್ರಯೋಗ ಎಂಬ ಕ್ರಮವನ್ನು ತಂದನು. ಪುಸ್ತಕ ಮತ್ತೆ ಮತ್ತೆ ಅಚ್ಚಾಯಿತು, ಸ್ಪೇನಿನ ಹೊರಗೂ ಹರಡಿತು.

ಈ ಪುಸ್ತಕದಿಂದಲೇ ಅವನ ಬದುಕಿನ ಮುಂದಿನ ತಿರುವು ಬಂದಿತು. ಕಾಸ್ತೀಲಿನ ರಾಣಿ ಮೊದಲನೆಯ ಇಸಬೆಲ್ ಇದನ್ನು ಲ್ಯಾಟಿನ್ ಹಾಗೂ ಕಾಸ್ತೀಲಿಯನ್ ಎರಡೂ ಭಾಷೆಗಳಲ್ಲಿ ಅಕ್ಕಪಕ್ಕದಲ್ಲಿ ಮುದ್ರಿಸುವಂತೆ ಅಪೇಕ್ಷಿಸಿದಳು. ಸನ್ಯಾಸಿನಿಯರು ಪುರುಷ ಅಧ್ಯಾಪಕರ ನೆರವಿಲ್ಲದೆ ತಾವಾಗಿಯೇ ಲ್ಯಾಟಿನ್ ಕಲಿಯುವಂತಾಗಬೇಕೆಂಬುದು ಅವಳ ಉದ್ದೇಶವಾಗಿತ್ತು. ಕಾಸ್ತೀಲಿಯನ್ ಭಾಷೆ ಬಡವಾದುದು, ಲ್ಯಾಟಿನ್ನಿನ ಸೂಕ್ಷ್ಮಗಳನ್ನು ಹೇಳಲು ಅದರಲ್ಲಿ ಪದಗಳೇ ಇಲ್ಲ ಎಂದು ನೆಬ್ರಿಹಾ ಮೊದಲು ಹಿಂಜರಿದನು. ಕೆಲಸಕ್ಕೆ ಕೈಹಾಕಿದ ಮೇಲೆ ಅವನ ಅಭಿಪ್ರಾಯ ಬದಲಾಯಿತು. 1488ರ ಸುಮಾರಿಗೆ ಈ ದ್ವಿಭಾಷಾ ಆವೃತ್ತಿ ಹೊರಬಂದಿತು. ಒಂದೊಂದು ಲ್ಯಾಟಿನ್ ರೂಪಕ್ಕೂ ಎದುರಿಗೆ ತಾಯ್ನುಡಿಯ ರೂಪವನ್ನು ಬರೆಯುತ್ತ ಹೋದವನಿಗೆ, ಆ ತಾಯ್ನುಡಿಗೂ ತನ್ನದೇ ಆದ ಕಟ್ಟುಪಾಡು ಇದೆ ಎಂಬುದು ಹೊಳೆದಿರಬೇಕು.

1487ರ ಸುಮಾರಿಗೆ ಅವನು ಸಲಮಾಂಕಾ ಬಿಟ್ಟು, ಆಲ್ಕಾಂತರಾ ಸೈನಿಕ ಸಂಘದ ಮುಖ್ಯಸ್ಥನಾಗಿದ್ದ ಹುವಾನ್ ದೆ ಸುನ್ಯಿಗಾ ಎಂಬ ಶ್ರೀಮಂತನ ಆಶ್ರಯಕ್ಕೆ ಹೋದನು. ತರಗತಿಯ ಹೊರೆಯಿಲ್ಲದೆ ಎಸ್ತ್ರೆಮದೂರಾ ಪ್ರಾಂತ್ಯದಲ್ಲಿ ಕಳೆದ ಈ ವರ್ಷಗಳೇ ಅವನ ಬಾಳಿನ ಫಲವತ್ತಾದ ಕಾಲ. ವ್ಯಾಕರಣವೂ ಎರಡು ನಿಘಂಟುಗಳೂ ಈ ಅವಧಿಯವು.

1492ರ ವ್ಯಾಕರಣ

1492 ಸ್ಪೇನಿನ ಚರಿತ್ರೆಯಲ್ಲಿ ಅಸಾಧಾರಣ ವರ್ಷ. ಜನವರಿ 2ರಂದು ಗ್ರನಾದಾ ನಗರ ಶರಣಾಗಿ ಮುಸ್ಲಿಂ ಆಳ್ವಿಕೆ ಕೊನೆಗೊಂಡಿತು. ಮಾರ್ಚ್ 31ರಂದು ಯೆಹೂದ್ಯರ ಗಡೀಪಾರಿನ ಆಜ್ಞೆ ಹೊರಟಿತು. ಆಗಸ್ಟ್ 3ರಂದು ಕೊಲಂಬಸನ ಹಡಗುಗಳು ಪಶ್ಚಿಮಕ್ಕೆ ಹೊರಟವು. ಹದಿನೈದು ದಿನಗಳ ಬಳಿಕ ನೆಬ್ರಿಹಾನ ವ್ಯಾಕರಣದ ಮುದ್ರಣ ಮುಗಿಯಿತು.

ರಾಣಿಗೆ ಅರ್ಪಿತವಾದ ಈ ಗ್ರಂಥದ ಮುನ್ನುಡಿ ಗ್ರಂಥಕ್ಕಿಂತಲೂ ಪ್ರಸಿದ್ಧವಾಗಿದೆ. ರಾಜ್ಯ ಬೆಳೆದಾಗ ಭಾಷೆ ಬೆಳೆಯುತ್ತದೆ, ರಾಜ್ಯ ಬಿದ್ದಾಗ ಅದೂ ಬೀಳುತ್ತದೆ ಎಂಬ ವಾದವನ್ನು ಅವನು ಹೀಬ್ರೂ, ಗ್ರೀಕ್, ಲ್ಯಾಟಿನ್‌ಗಳ ಉದಾಹರಣೆಯಿಂದ ಮಂಡಿಸುತ್ತಾನೆ. ಹಿಂದೆ ಸಲಮಾಂಕಾದಲ್ಲಿ ಗ್ರಂಥದ ಮಾದರಿಯನ್ನು ತೋರಿಸಿದಾಗ, ಎಲ್ಲರಿಗೂ ಬರುವ ಮಾತಿಗೆ ವ್ಯಾಕರಣದಿಂದ ಪ್ರಯೋಜನವೇನೆಂದು ರಾಣಿ ಕೇಳಿದಳಂತೆ. ಅವಳ ಧರ್ಮಗುರುವೂ ಆವಿಲಾದ ಬಿಷಪನೂ ಆಗಿದ್ದ ಎರ್ನಾಂದೊ ದೆ ತಲವೆರಾ ನಡುವೆ ಬಂದು, ರಾಣಿಯ ಅಧೀನಕ್ಕೆ ಬರುವ ಪರಭಾಷೆಯ ಜನರು ಗೆದ್ದವರ ಕಾನೂನನ್ನೂ ಭಾಷೆಯನ್ನೂ ಕಲಿಯಬೇಕಾಗುವುದರಿಂದ ಅವರಿಗೆ ಇದು ಬೇಕಾಗುವುದೆಂದು ಉತ್ತರಿಸಿದನೆಂದು ನೆಬ್ರಿಹಾ ಬರೆದಿದ್ದಾನೆ. ಬಾಸ್ಕರು, ನವಾರದವರು, ಫ್ರೆಂಚರು, ಇಟಲಿಯವರು ಮುಂತಾದ ನೆರೆಯವರಿಗೂ ವ್ಯವಹಾರಕ್ಕೆ ಅದು ನೆರವಾಗುವುದೆಂದು ಸೇರಿಸಿದ್ದಾನೆ.

ಈ ಮುನ್ನುಡಿಯನ್ನು ಅಮೆರಿಕ ಖಂಡದ ವಸಾಹತಿನ ಘೋಷಣಾಪತ್ರವೆಂಬಂತೆ ಓದುವ ರೂಢಿ ಬೆಳೆದಿದೆ. ಅದು ಪೂರ್ಣ ಸರಿಯಲ್ಲ. ಪುಸ್ತಕ ಅಚ್ಚಾದ ದಿನ ಕೊಲಂಬಸ್ ಇನ್ನೂ ಯಾವ ನೆಲವನ್ನೂ ಕಂಡಿರಲಿಲ್ಲ. ನೆಬ್ರಿಹಾನ ಕಣ್ಣ ಮುಂದೆ ಇದ್ದುದು ಆಗತಾನೆ ಗೆದ್ದ ಗ್ರನಾದಾ. ಹಾಗೆಂದು ಅದರಲ್ಲಿರುವ ಅಧಿಕಾರದ ಧ್ವನಿಯನ್ನು ಅಲ್ಲಗಳೆಯಲೂ ಆಗದು. ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಸೋತವರು ಗೆದ್ದವರ ಭಾಷೆ ಕಲಿಯಲಿ ಎಂದ ಅದೇ ತಲವೆರಾ ಗ್ರನಾದಾದ ಮೊದಲ ಆರ್ಚ್‌ಬಿಷಪ್ ಆದಾಗ, ತನ್ನ ಪಾದ್ರಿಗಳು ಅಲ್ಲಿನ ಜನರ ಅರಬ್ಬೀ ಕಲಿಯಬೇಕೆಂದು ಒತ್ತಾಯಿಸಿದನು. ಅವನ ಪ್ರೇರಣೆಯಿಂದ ಪೆದ್ರೊ ದೆ ಆಲ್ಕಲಾ ರಚಿಸಿದ ಅರಬ್ಬೀ ವ್ಯಾಕರಣ 1505ರಲ್ಲಿ ಗ್ರನಾದಾದಲ್ಲಿ ಅಚ್ಚಾಯಿತು. ಅದರ ಜೊತೆಗಿನ ಪದಕೋಶಕ್ಕೆ ನೆಬ್ರಿಹಾನ ನಿಘಂಟೇ ಆಧಾರ.

ಗ್ರಂಥದ ಸ್ವರೂಪ

ವ್ಯಾಕರಣವು ಐದು ಭಾಗಗಳಲ್ಲಿದೆ. ಮೊದಲನೆಯದು ಅಕ್ಷರ ಮತ್ತು ಕಾಗುಣಿತ, ಎರಡನೆಯದು ಉಚ್ಚಾರದ ಒತ್ತು, ಅಕ್ಷರಗಣ ಮತ್ತು ಛಂದಸ್ಸು, ಮೂರನೆಯದು ಪದವರ್ಗಗಳು, ನಾಲ್ಕನೆಯದು ವಾಕ್ಯರಚನೆ. ಐದನೆಯದು ಪರಭಾಷೆಯವರಿಗಾಗಿ. ಕನ್ನಡದ ಶಾಲಾ ವ್ಯಾಕರಣಗಳಲ್ಲಿ, ಉದಾಹರಣೆಗೆ ತುಮಕೂರು ಜಿಲ್ಲೆಯ ತೀರ್ಥಪುರದವರಾದ ತೀ.ನಂ. ಶ್ರೀಕಂಠಯ್ಯನವರ ಕನ್ನಡ ಮಧ್ಯಮ ವ್ಯಾಕರಣದಂತಹ ಪುಸ್ತಕದಲ್ಲಿ, ಅಕ್ಷರದಿಂದ ಪದಕ್ಕೂ ಪದದಿಂದ ವಾಕ್ಯಕ್ಕೂ ಸಾಗುವ ಹಾದಿಯನ್ನು ಕಂಡವರಿಗೆ ಈ ಕ್ರಮ ಅಪರಿಚಿತವೆನಿಸದು.

ಕಾಗುಣಿತದ ಬಗೆಗೆ ಅವನ ನಿಲುವು ಖಚಿತ: ನುಡಿದಂತೆ ಬರೆಯಬೇಕು, ಬರೆದಂತೆ ನುಡಿಯಬೇಕು. ಒಂದು ಧ್ವನಿಗೆ ಒಂದೇ ಅಕ್ಷರವಿರಬೇಕು. ಕಾಸ್ತೀಲಿಯನ್ನಿನಲ್ಲಿ 26 ಧ್ವನಿಗಳಿವೆಯೆಂದು ಎಣಿಸಿ, ಲ್ಯಾಟಿನ್ನಿನಿಂದ ಬಂದ ಲಿಪಿ ಅವುಗಳಿಗೆ ಸಾಲದೆಂದು ತೋರಿಸಿದನು. ಇಂಗ್ಲಿಷ್, ಫ್ರೆಂಚ್‌ಗಳಿಗೆ ಹೋಲಿಸಿದರೆ ಸ್ಪ್ಯಾನಿಷ್ ಓದುವುದು ಇಂದಿಗೂ ಸುಲಭವಾಗಿರುವುದರಲ್ಲಿ ಈ ತತ್ತ್ವದ ಪಾಲಿದೆ. 1517ರಲ್ಲಿ ಇದನ್ನೇ ವಿಸ್ತರಿಸಿ ಕಾಗುಣಿತದ ನಿಯಮಗಳನ್ನು ಪ್ರತ್ಯೇಕ ಪುಸ್ತಕವಾಗಿ ಹೊರತಂದನು.

ಪದವರ್ಗಗಳಲ್ಲಿ ನೆಬ್ರಿಹಾ ಲ್ಯಾಟಿನ್ನಿನ ಎಂಟಕ್ಕೆ ಬದಲಾಗಿ ಹತ್ತನ್ನು ಹೇಳಿದನು. ಲ್ಯಾಟಿನ್ನಿನಲ್ಲಿ ಇಲ್ಲದ ಉಪಪದ ಸ್ಪ್ಯಾನಿಷಿನಲ್ಲಿದೆ. ಗಂಡು ನಾಮಕ್ಕೆ ಎಲ್, ಹೆಣ್ಣು ನಾಮಕ್ಕೆ ಲಾ: ಎಲ್ ಲಿಬ್ರೊ ಎಂದರೆ ಪುಸ್ತಕ, ಲಾ ಮೇಸಾ ಎಂದರೆ ಮೇಜು. ಕೃದಂತದ ವಿಷಯದಲ್ಲಿ ಅವನ ಗ್ರಹಿಕೆ ಇನ್ನೂ ಸೂಕ್ಷ್ಮ. ಎ ಕೊಮಿದೊ ಎಂದರೆ ತಿಂದಿದ್ದೇನೆ. ಹೇಳುವವರು ಗಂಡಾಗಲಿ ಹೆಣ್ಣಾಗಲಿ, ತಿಂದ ವಸ್ತು ಒಂದಾಗಲಿ ಹಲವಾಗಲಿ, ಕೊಮಿದೊ ಎಂಬ ರೂಪ ಬದಲಾಗುವುದಿಲ್ಲ. ಲಿಂಗವಚನಗಳಿಗೆ ತಕ್ಕಂತೆ ಬದಲಾಗುವ ಸಾಮಾನ್ಯ ಕೃದಂತದಿಂದ ಇದು ಬೇರೆ ಎಂದು ಗುರುತಿಸಿ ಅವನು ಇದಕ್ಕೆ ಪ್ರತ್ಯೇಕ ವರ್ಗವನ್ನೇ ಕೊಟ್ಟನು. ಲ್ಯಾಟಿನ್ ವ್ಯಾಕರಣದ ಅಚ್ಚಿನಲ್ಲಿ ದೇಶಭಾಷೆಯನ್ನು ಸುಮ್ಮನೆ ಒತ್ತಿದವನಿಗೆ ಇದು ಕಾಣುತ್ತಿರಲಿಲ್ಲ.

ಭವಿಷ್ಯತ್ಕಾಲದ ರೂಪವನ್ನು ಬಿಡಿಸಿ ತೋರಿಸಿದುದು ಇನ್ನೊಂದು ಸಾಧನೆ. ಅಮರೆ, ಅಂದರೆ ಪ್ರೀತಿಸುವೆನು, ಎಂಬುದು ಮೂಲತಃ ಅಮಾರ್ ಎಂಬ ಭಾವರೂಪಕ್ಕೆ ಉಂಟು ಎಂಬರ್ಥದ ಎ ಸೇರಿ ಆದ ರೂಪ. ಕನ್ನಡದಲ್ಲಿ ಮಾಡಿ, ಇದ್ದೇನೆ ಎಂಬೆರಡು ಪದಗಳು ಕೂಡಿ ಮಾಡಿದ್ದೇನೆ ಎಂದಾಗುವುದನ್ನು ಬಲ್ಲವರಿಗೆ ಇದರ ಹದ ತಿಳಿಯುತ್ತದೆ.

ದೋಷಗಳೂ ಇವೆ. ಸ್ಪ್ಯಾನಿಷ್ ನಾಮಪದಗಳಿಗೆ ವಿಭಕ್ತಿಪ್ರತ್ಯಯಗಳಿಲ್ಲವೆಂದು ತಾನೇ ಒಪ್ಪಿಕೊಂಡರೂ ಲ್ಯಾಟಿನ್ನಿನ ವಿಭಕ್ತಿಗಳ ಹೆಸರುಗಳನ್ನು ಅವನು ಕೈಬಿಡಲಿಲ್ಲ. ವಾಕ್ಯರಚನೆಯ ಭಾಗ ಉಳಿದವಕ್ಕಿಂತ ಚಿಕ್ಕದು. ಬೇಗನೆ ಮುಗಿಸಿದಂತೆ ಕಾಣುತ್ತದೆ.

ಪರಭಾಷೆಯವರಿಗಾಗಿ ಐದನೆಯ ಭಾಗ

ಇಂದಿನ ದೃಷ್ಟಿಯಿಂದ ನೋಡಿದರೆ ಐದನೆಯ ಭಾಗವೇ ಹೆಚ್ಚು ಹೊಸತು. ತನ್ನ ಓದುಗರನ್ನು ನೆಬ್ರಿಹಾ ಮೂರು ಬಗೆಯಾಗಿ ಕಂಡನು: ತಾಯ್ನುಡಿಯನ್ನು ನಿಯಮಬದ್ಧವಾಗಿ ತಿಳಿಯಬಯಸುವವರು, ತಾಯ್ನುಡಿಯ ಮೂಲಕ ಲ್ಯಾಟಿನ್ನಿಗೆ ಹೋಗುವವರು, ಹೊರಗಿನಿಂದ ಬಂದು ಕಾಸ್ತೀಲಿಯನ್ ಕಲಿಯುವವರು. ಮೂರನೆಯವರಿಗೆ ಸಿದ್ಧಾಂತ ಬೇಡ, ರೂಪಗಳು ಬೇಕು ಎಂಬುದನ್ನು ಅರಿತು, ಆ ಭಾಗದಲ್ಲಿ ನಾಮಪದ, ಸರ್ವನಾಮ, ಕ್ರಿಯಾಪದಗಳ ರೂಪಾವಳಿಯನ್ನೂ ಅವುಗಳನ್ನು ಕಟ್ಟುವ ಬಗೆಯನ್ನೂ ಕೊಟ್ಟನು. ಲ್ಯಾಟಿನ್ನಿನಲ್ಲಿ ಕ್ರಿಯಾಪದಗಳ ಗಣಗಳು ನಾಲ್ಕು. ಕಾಸ್ತೀಲಿಯನ್ನಿನಲ್ಲಿ ಆರ್, ಎರ್, ಇರ್ ಎಂದು ಕೊನೆಗೊಳ್ಳುವ ಮೂರೇ ಎಂದು ನಿರ್ಧರಿಸಿದನು. ಆಬ್ಲಾರ್ (ಮಾತಾಡು), ಕೊಮೇರ್ (ತಿನ್ನು), ವಿವೀರ್ (ಬಾಳು) ಎಂಬಿವುಗಳಿಂದ ಆರಂಭವಾಗುವ ಇಂದಿನ ಪಠ್ಯಪುಸ್ತಕಗಳ ಪಟ್ಟಿ ಇದೇ ವಿಂಗಡಣೆಯದು.

ಇಂತಹ ಪಟ್ಟಿ ಕನ್ನಡ ಬಲ್ಲವರಿಗೆ ಇಂಗ್ಲಿಷ್ ಬಲ್ಲವರಿಗಿಂತ ಸುಲಭವಾಗಿ ಒಗ್ಗುತ್ತದೆ. ಆಬ್ಲೊ, ಆಬ್ಲಾಸ್, ಆಬ್ಲಾ, ಆಬ್ಲಾಮೊಸ್, ಆಬ್ಲಾಯಿಸ್, ಆಬ್ಲಾನ್ ಎಂಬ ಆರು ರೂಪಗಳಲ್ಲಿ ಕೊನೆಯ ಪ್ರತ್ಯಯವೇ ಕರ್ತೃವನ್ನು ತಿಳಿಸುವುದರಿಂದ, ಮಾತಾಡುತ್ತೇನೆ ಎಂದಾಗ ನಾನು ಎಂಬುದನ್ನು ಬಿಡುವಂತೆಯೇ ಅಲ್ಲಿಯೂ ಸರ್ವನಾಮವನ್ನು ಬಿಡಬಹುದು. ಅವನು, ಅವಳು ಎಂಬ ಭೇದವನ್ನು ಮಾತ್ರ ಸ್ಪ್ಯಾನಿಷ್ ಕ್ರಿಯಾಪದ ತೋರಿಸದು. ಪದಗಳ ಅನುಕ್ರಮ ಬೇರೆ: ನಾನು ರೊಟ್ಟಿ ತಿನ್ನುತ್ತೇನೆ ಎಂಬುದು ಕೊಮೊ ಪಾನ್ ಎಂದಾಗುತ್ತದೆ, ಕ್ರಿಯೆ ಮೊದಲು, ಕರ್ಮ ಆಮೇಲೆ. ಗುಣವಾಚಕ ಸಾಮಾನ್ಯವಾಗಿ ನಾಮಪದದ ಹಿಂದೆ ನಿಲ್ಲುತ್ತದೆ. ಆದರೆ ಒಳಗಿನ ಕೆಲವು ಹೋಲಿಕೆಗಳು ಅಚ್ಚರಿ ಹುಟ್ಟಿಸುತ್ತವೆ. ನನಗೆ ಕಾಫಿ ಇಷ್ಟ ಎಂಬ ಚತುರ್ಥೀ ವಿಭಕ್ತಿಯ ವಾಕ್ಯಕ್ಕೆ ಮೆ ಗುಸ್ತಾ ಎಲ್ ಕಫೆ ಸರಿಸಾಟಿ. ಇಷ್ಟಪಡುವವನು ಎರಡರಲ್ಲೂ ಕರ್ತೃವಲ್ಲ. ಮರ ಕಂಡೆ ಎನ್ನಬಹುದು, ರಾಮನನ್ನು ಕಂಡೆ ಎನ್ನುವಾಗ ಪ್ರತ್ಯಯ ಬಿಡುವಂತಿಲ್ಲ. ಸ್ಪ್ಯಾನಿಷಿನಲ್ಲಿಯೂ ಕರ್ಮಪದ ಮನುಷ್ಯನಾದಾಗ ಅದರ ಮುಂದೆ ಆ ಎಂಬ ಅವ್ಯಯ ಬರುತ್ತದೆ, ವಸ್ತುವಾದಾಗ ಬರುವುದಿಲ್ಲ. ಕಲಿಯುವವರನ್ನು ಕಾಡುವ ಸೇರ್, ಎಸ್ತಾರ್ ಎಂಬ ಎರಡು ಇರವಿನ ಕ್ರಿಯಾಪದಗಳ ಭೇದಕ್ಕೂ ಕನ್ನಡದಲ್ಲಿ ಹಿಡಿಕೆಯಿದೆ: ಅವನು ಮೇಷ್ಟ್ರು ಎನ್ನುವಾಗ ಕ್ರಿಯಾಪದ ಬೇಕಿಲ್ಲ, ಅಲ್ಲಿ ಸೇರ್, ಅವನು ಮನೆಯಲ್ಲಿ ಇದ್ದಾನೆ ಎನ್ನುವಾಗ ಬೇಕು, ಅಲ್ಲಿ ಎಸ್ತಾರ್.

ಕನ್ನಡ ವ್ಯಾಕರಣ ಪರಂಪರೆಯೊಡನೆ ಹೋಲಿಕೆ

ದೇಶಭಾಷೆಗೂ ವ್ಯಾಕರಣವುಂಟೆಂದು ಸಾಧಿಸುವ ಕೆಲಸ ಕನ್ನಡದಲ್ಲಿ ನೆಬ್ರಿಹಾನಿಗಿಂತ ಬಹು ಹಿಂದೆಯೇ ನಡೆದಿತ್ತು. ಹನ್ನೆರಡನೆಯ ಶತಮಾನದ ನಾಗವರ್ಮನ ಕರ್ಣಾಟಕ ಭಾಷಾಭೂಷಣ ಸಂಸ್ಕೃತ ಸೂತ್ರಗಳಲ್ಲಿದ್ದರೆ, ಹದಿಮೂರನೆಯ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣ ಕನ್ನಡದ ಕಂದಪದ್ಯಗಳಲ್ಲಿಯೇ ಇದೆ. ಕನ್ನಡದ ವ್ಯಾಕರಣವನ್ನು ಕನ್ನಡದಲ್ಲಿಯೇ ಹೇಳಿದ ಕೇಶಿರಾಜನಿಗೂ, ಕಾಸ್ತೀಲಿಯನ್ ವ್ಯಾಕರಣವನ್ನು ಕಾಸ್ತೀಲಿಯನ್ನಿನಲ್ಲಿಯೇ ಬರೆದ ನೆಬ್ರಿಹಾನಿಗೂ ಎರಡು ಶತಮಾನಕ್ಕೂ ಹೆಚ್ಚಿನ ಅಂತರ. ನೆಬ್ರಿಹಾ ಸತ್ತು ಎಂಬತ್ತು ವರ್ಷಗಳಾದ ಮೇಲೆ, 1604ರಲ್ಲಿ, ಭಟ್ಟಾಕಳಂಕನು ಮತ್ತೆ ಸಂಸ್ಕೃತ ಸೂತ್ರಗಳಿಗೇ ಮರಳಿದನು.

ಇಬ್ಬರ ಮುಂದೆಯೂ ಪ್ರತಿಷ್ಠೆಯ ಹಿರಿಯ ಭಾಷೆಯೊಂದಿತ್ತು. ಇಬ್ಬರೂ ಅದರ ಚೌಕಟ್ಟನ್ನು ಎರವಲು ಪಡೆದರು. ಆದರೆ ಕೇಶಿರಾಜನು ಬರೆದುದು ಕವಿಗಳಿಗಾಗಿ, ಹಿಂದಿನ ಕವಿಗಳ ಪ್ರಯೋಗವನ್ನೇ ಪ್ರಮಾಣವಾಗಿಟ್ಟುಕೊಂಡು. ಸಂಧಿಯಿಂದ ಅವ್ಯಯದವರೆಗಿನ ಅವನ ಎಂಟು ಪ್ರಕರಣಗಳಲ್ಲಿ ಹೊರನಾಡಿನಿಂದ ಬಂದು ಕನ್ನಡ ಕಲಿಯುವವನಿಗಾಗಿ ಮೀಸಲಾದುದು ಯಾವುದೂ ಇಲ್ಲ. ನೆಬ್ರಿಹಾನ ಮನಸ್ಸಿನಲ್ಲಿ ಅರಸೊತ್ತಿಗೆ, ಆಡಳಿತ, ಅಚ್ಚುಯಂತ್ರ ಮೂರೂ ಇದ್ದವು.

ಇಟಲಿಯಲ್ಲಿ ಲಿಯೊನ್ ಬತಿಸ್ತಾ ಆಲ್ಬರ್ತಿ ಟಸ್ಕನ್ ಭಾಷೆಗೆ ಬರೆದ ಕಿರು ವ್ಯಾಕರಣ ನೆಬ್ರಿಹಾನಿಗಿಂತ ಹಿಂದಿನದಾದರೂ ಹಸ್ತಪ್ರತಿಯಾಗಿಯೇ ಉಳಿದಿತ್ತು.

ನಿಘಂಟುಗಳು

1492ರಲ್ಲಿಯೇ ಅವನ ಲ್ಯಾಟಿನ್–ಸ್ಪ್ಯಾನಿಷ್ ನಿಘಂಟು ಪ್ರಕಟವಾಯಿತು. ಅದರಲ್ಲಿ ಸುಮಾರು 28 ಸಾವಿರ ಉಲ್ಲೇಖಗಳಿವೆ. ಎರಡು ಮೂರು ವರ್ಷಗಳ ತರುವಾಯ ಬಂದ ಸ್ಪ್ಯಾನಿಷ್–ಲ್ಯಾಟಿನ್ ಪದಕೋಶದಲ್ಲಿ ಸುಮಾರು 22 ಸಾವಿರ. ಎರಡನೆಯದರಲ್ಲಿ ಕನೋವಾ ಎಂಬ ಪದ ಸೇರಿದೆ. ಒಂದೇ ಮರವನ್ನು ಕೊರೆದು ಮಾಡಿದ ದೋಣಿಗೆ ಕೆರಿಬಿಯನ್ ದ್ವೀಪಗಳ ಜನರು ಹೇಳುತ್ತಿದ್ದ ಈ ಪದವೇ ಸ್ಪ್ಯಾನಿಷ್ ನಿಘಂಟಿಗೆ ಸೇರಿದ ಮೊದಲ ಅಮೆರಿಕನ್ ಪದ. ಕೊಲಂಬಸ್ ಹಿಂದಿರುಗಿದ ಕೆಲವೇ ವರ್ಷಗಳಲ್ಲಿ ಹಡಗಿನವರ ಬಾಯಿಂದ ಪಂಡಿತನ ಪುಟಕ್ಕೆ ಅದು ಬಂದುದು, ಅವನ ಕಿವಿ ಎಷ್ಟು ಚುರುಕಾಗಿತ್ತೆಂಬುದಕ್ಕೆ ಸಾಕ್ಷಿ.

ಬದುಕಿದ್ದಾಗ ಅವನಿಗೆ ಕೀರ್ತಿ ತಂದವು ಲ್ಯಾಟಿನ್ ಪಠ್ಯಪುಸ್ತಕವೂ ಈ ನಿಘಂಟುಗಳೂ ಮಾತ್ರ. ಕಾಸ್ತೀಲಿಯನ್ ವ್ಯಾಕರಣ ಮರುಮುದ್ರಣವನ್ನೇ ಕಾಣಲಿಲ್ಲ. ತಾಯಿಯಿಂದ ಕಲಿತ ಮಾತಿಗೆ ಪುಸ್ತಕ ಏಕೆಂದು ರಾಣಿಗೆ ತೋರಿದ್ದೇ ಉಳಿದವರಿಗೂ ತೋರಿತು. ಹದಿನೆಂಟನೆಯ ಶತಮಾನದವರೆಗೆ ಅದು ಮತ್ತೆ ಅಚ್ಚಾಗಲಿಲ್ಲ. ಅವನು ಆಂಡಲೂಸಿಯಾದವನು, ಶುದ್ಧ ಕಾಸ್ತೀಲಿಯನ್ ಅವನಿಗೇನು ಗೊತ್ತು ಎಂಬ ಧಾಟಿಯ ಟೀಕೆಯನ್ನು ಹುವಾನ್ ದೆ ವಲ್ದೆಸ್ 1530ರ ದಶಕದಲ್ಲಿ ಮಾಡಿದನು. ಪ್ರಾದೇಶಿಕ ಉಚ್ಚಾರಣೆಯನ್ನು ಹಿಡಿದು ವಿದ್ವತ್ತನ್ನು ಅಳೆಯುವ ಚಾಳಿ ಎಲ್ಲ ನಾಡುಗಳಲ್ಲೂ ಒಂದೇ.

ಧರ್ಮವಿಚಾರಣೆಯೊಡನೆ ಸಂಘರ್ಷ

ಸುನ್ಯಿಗಾ 1504ರಲ್ಲಿ ತೀರಿಕೊಂಡನು. ಈ ಹೊತ್ತಿಗೆ ನೆಬ್ರಿಹಾನ ಆಸಕ್ತಿ ಬೈಬಲಿನ ಪಾಠಪರಿಷ್ಕರಣದತ್ತ ತಿರುಗಿತ್ತು. ಚರ್ಚಿನಲ್ಲಿ ಪ್ರಮಾಣವಾಗಿದ್ದ ಲ್ಯಾಟಿನ್ ಬೈಬಲ್ ನಕಲುಗಾರರ ಕೈಯಲ್ಲಿ ಸಾವಿರ ವರ್ಷ ಹಾದುಬಂದು ತಪ್ಪುಗಳನ್ನು ಕೂಡಿಸಿಕೊಂಡಿತ್ತು. ಪ್ರತಿಗಳು ಒಂದಕ್ಕೊಂದು ಹೊಂದದಿದ್ದಾಗ ಹೊಸ ಒಡಂಬಡಿಕೆಗೆ ಗ್ರೀಕ್ ಮೂಲವನ್ನೂ ಹಳೆಯ ಒಡಂಬಡಿಕೆಗೆ ಹೀಬ್ರೂ ಮೂಲವನ್ನೂ ನೋಡಿ ತೀರ್ಮಾನಿಸಬೇಕೆಂಬುದು ಅವನ ಪಕ್ಷ. ದೇವಶಾಸ್ತ್ರಜ್ಞರಿಗೆ ಇದು ಸಹನೆಯಾಗಲಿಲ್ಲ. ಪದಗಳ ರೂಪ ತಿದ್ದುವ ವೈಯಾಕರಣನಿಗೆ ಧರ್ಮಗ್ರಂಥದಲ್ಲಿ ಏನು ಕೆಲಸ ಎಂಬುದು ಅವರ ಆಕ್ಷೇಪ. ಯೆಹೂದ್ಯರ ಗಡೀಪಾರು ನಡೆದು ಹೆಚ್ಚು ಕಾಲವಾಗಿರಲಿಲ್ಲ. ಹೀಬ್ರೂ ಮೂಲವನ್ನು ಪ್ರಮಾಣವೆನ್ನುವುದೇ ಸಂದೇಹಕ್ಕೆ ಗುರಿಮಾಡುವ ಮಾತಾಗಿತ್ತು.

ಧರ್ಮವಿಚಾರಣಾ ನ್ಯಾಯಾಲಯದ ಮುಖ್ಯಸ್ಥನಾಗಿದ್ದ ದಿಯೇಗೊ ದೆ ದೇಸಾ ನೆಬ್ರಿಹಾನ ಟಿಪ್ಪಣಿಗಳನ್ನು ವಶಪಡಿಸಿಕೊಂಡನು. ಅವುಗಳಲ್ಲಿ ಪಾಷಂಡ ಅಭಿಪ್ರಾಯ ಇರುವುದನ್ನು ತೋರಿಸುವುದಕ್ಕಿಂತ, ಲೇಖಕನು ಮತ್ತೆ ಬರೆಯದಂತೆ ಮಾಡುವುದೇ ಉದ್ದೇಶವೆಂದು ನೆಬ್ರಿಹಾ ನಂಬಿದ್ದನು. ಅರುವತ್ತು ದಾಟಿದ ವಯಸ್ಸಿನಲ್ಲಿ, ಹಲವರು ಇದಕ್ಕಿಂತ ಚಿಕ್ಕ ಕಾರಣಗಳಿಗೆ ಸೆರೆಮನೆ ಕಂಡಿದ್ದ ಕಾಲದಲ್ಲಿ, ಅವನು ಮೌನವಾಗಿರಲಿಲ್ಲ. 1507ರಲ್ಲಿ ದೇಸಾನ ಸ್ಥಾನಕ್ಕೆ ಕಾರ್ಡಿನಲ್ ಫ್ರಾನ್ಸಿಸ್ಕೊ ಹಿಮೆನೆಸ್ ದೆ ಸಿಸ್ನೆರೋಸ್ ಬಂದನು. ಅವನನ್ನು ಸಂಬೋಧಿಸಿ ಬರೆದ ಅಪೊಲೊಗಿಯಾ ಎಂಬ ಸಮರ್ಥನೆಯಲ್ಲಿ, ತಾನು ಸಿದ್ಧಾಂತವನ್ನು ಮುಟ್ಟಿಲ್ಲ, ಪದಗಳನ್ನು ಮಾತ್ರ ಪರೀಕ್ಷಿಸಿದ್ದೇನೆ, ಪದದ ವಿಷಯದಲ್ಲಿ ತೀರ್ಪು ಕೊಡುವ ಹಕ್ಕು ವೈಯಾಕರಣನದು ಎಂಬ ವಾದವನ್ನು ನಿರ್ಭೀತಿಯಿಂದ ಮಂಡಿಸಿದನು. ಬೈಬಲಿನ ಐವತ್ತು ಪದಪ್ರಯೋಗಗಳನ್ನು ಕುರಿತ ಅವನ ಟಿಪ್ಪಣಿಗಳು 1516ರಲ್ಲಿ ಬೆಳಕು ಕಂಡವು.

ಕೊನೆಯ ವರ್ಷಗಳು

1509ರಲ್ಲಿ ನೆಬ್ರಿಹಾ ರಾಜ ಚರಿತ್ರಕಾರನಾಗಿ ನೇಮಕಗೊಂಡನು. ಫರ್ನಾಂದೊ–ಇಸಬೆಲರ ಆಳ್ವಿಕೆಯ ಬಗೆಗೆ ಲ್ಯಾಟಿನ್ನಿನಲ್ಲಿ ಅವನು ಬರೆದ ಇತಿಹಾಸ ಬಹುಮಟ್ಟಿಗೆ ಎರ್ನಾಂದೊ ದೆಲ್ ಪುಲ್ಗಾರನ ವೃತ್ತಾಂತದ ರೂಪಾಂತರ. ಅದು 1545ರಲ್ಲಿ ಗ್ರನಾದಾದಲ್ಲಿದ್ದ ಅವನ ಮಕ್ಕಳ ಮುದ್ರಣಾಲಯದಿಂದ ಹೊರಬಂದಿತು. ಅಳತೆ, ತೂಕ, ಸಂಖ್ಯೆಗಳನ್ನು ಕುರಿತೂ ಅವನು ಸಲಮಾಂಕಾದಲ್ಲಿ ಉಪನ್ಯಾಸಗಳನ್ನು ನೀಡಿದನು.

1513ರಲ್ಲಿ ಸಲಮಾಂಕಾದ ಮುಖ್ಯ ವ್ಯಾಕರಣ ಪೀಠ ತೆರವಾದಾಗ ಎಪ್ಪತ್ತರ ಅಂಚಿನಲ್ಲಿದ್ದ ನೆಬ್ರಿಹಾ ಸ್ಪರ್ಧಿಸಿದನು. ಪೀಠ ವಯಸ್ಸಿನಲ್ಲಿ ಬಹಳ ಕಿರಿಯನೂ ಹೆಸರಿಲ್ಲದವನೂ ಆದ ಒಬ್ಬನಿಗೆ ಹೋಯಿತು. ದೇಶಕ್ಕೆಲ್ಲ ಲ್ಯಾಟಿನ್ ಕಲಿಸಿದವನಿಗೆ ತನ್ನ ವಿಶ್ವವಿದ್ಯಾನಿಲಯವೇ ಮಾಡಿದ ಈ ಅಪಮಾನ ತಡೆಯಲಾಗದೆ ಅವನು ಸಲಮಾಂಕಾವನ್ನು ಶಾಶ್ವತವಾಗಿ ತೊರೆದನು. ಸಿಸ್ನೆರೋಸ್ ಆಗ ತಾನು ಹೊಸತಾಗಿ ಸ್ಥಾಪಿಸಿದ್ದ ಆಲ್ಕಲಾ ದೆ ಎನಾರೆಸ್ ವಿಶ್ವವಿದ್ಯಾನಿಲಯಕ್ಕೆ ಕರೆಸಿಕೊಂಡು ಅಲಂಕಾರಶಾಸ್ತ್ರದ ಪೀಠವನ್ನು ಕೊಟ್ಟನು. ಬಯಸಿದುದನ್ನು ಪಾಠ ಹೇಳಬಹುದು, ಇಷ್ಟವಿಲ್ಲದಿದ್ದರೆ ಹೇಳದೆಯೂ ಇರಬಹುದು ಎಂಬ ಸ್ವಾತಂತ್ರ್ಯವನ್ನೂ ನೀಡಿದನಂತೆ. ಕಾರ್ಡಿನಲ್ ಆ ದಾರಿಯಲ್ಲಿ ಹೋಗುವಾಗ ಮುದುಕ ಪಂಡಿತನ ಕಿಟಕಿಯ ಬಳಿ ನಿಂತು ಪದಗಳ ಬಗೆಗೆ ಮಾತಾಡುತ್ತಿದ್ದನೆಂಬ ಪ್ರತೀತಿಯೂ ಇದೆ.

ಆದರೂ ಇಬ್ಬರಿಗೂ ಒಂದು ವಿಷಯದಲ್ಲಿ ಹೊಂದಾಣಿಕೆಯಾಗಲಿಲ್ಲ. ಹೀಬ್ರೂ, ಗ್ರೀಕ್, ಲ್ಯಾಟಿನ್ ಪಾಠಗಳನ್ನು ಒಟ್ಟಿಗೆ ಕೊಡುವ ಆರು ಸಂಪುಟಗಳ ಬಹುಭಾಷಾ ಬೈಬಲ್ ಆಲ್ಕಲಾದಲ್ಲಿ 1514ರಿಂದ 1517ರವರೆಗೆ ಅಚ್ಚಾಗುತ್ತಿತ್ತು. ಲ್ಯಾಟಿನ್ ಪಾಠವನ್ನು ಹಳೆಯ ಲ್ಯಾಟಿನ್ ಪ್ರತಿಗಳಿಂದ ಮಾತ್ರ ಸರಿಪಡಿಸಬೇಕು, ಮೂಲಭಾಷೆಗಳಿಗೆ ಹೊಂದಿಸಿ ತಿದ್ದಬಾರದು ಎಂಬುದು ಸಿಸ್ನೆರೋಸನ ಕಟ್ಟಪ್ಪಣೆ. ನೆಬ್ರಿಹಾ ಒಪ್ಪದೆ ಆ ಕಾರ್ಯದಿಂದ ಹಿಂದೆ ಸರಿದನು. ಆಶ್ರಯದಾತನ ಋಣ ಒಂದೆಡೆ, ಶಾಸ್ತ್ರನಿಷ್ಠೆ ಇನ್ನೊಂದೆಡೆ ಇದ್ದಾಗ ಅವನು ಎರಡನೆಯದನ್ನೇ ಆರಿಸಿಕೊಂಡನು.

ಪಾರ್ಶ್ವವಾಯುವಿಗೆ ತುತ್ತಾಗಿ 1522ರ ಜುಲೈ ಮೊದಲ ವಾರದಲ್ಲಿ ನೆಬ್ರಿಹಾ ಆಲ್ಕಲಾದಲ್ಲಿ ನಿಧನನಾದನು. ಅಲ್ಲಿನ ಸಾನ್ ಇಲ್ದೆಫೋನ್ಸೊ ಕಾಲೇಜಿನ ಪ್ರಾರ್ಥನಾ ಮಂದಿರದಲ್ಲಿ ಅವನನ್ನು ಸಮಾಧಿ ಮಾಡಲಾಯಿತು. ಮಗಳು ಫ್ರಾನ್ಸಿಸ್ಕಾ ತಂದೆಯ ತರಗತಿಗಳನ್ನು ಮುಂದುವರಿಸಿದಳೆಂಬ ಕಥೆ ಬಹಳ ಪ್ರಚಲಿತವಾಗಿದ್ದರೂ ವಿಶ್ವವಿದ್ಯಾನಿಲಯದ ದಾಖಲೆಗಳ ಬೆಂಬಲ ಅದಕ್ಕೆ ದೊರೆತಿಲ್ಲ.

ಪ್ರಭಾವ

ಸ್ವದೇಶದಲ್ಲಿ ಮರೆತುಹೋದ ವ್ಯಾಕರಣದ ವಿಧಾನ ಕಡಲಾಚೆ ಫಲಿಸಿತು. ಅಮೆರಿಕಕ್ಕೆ ಹೋದ ಪಾದ್ರಿಗಳು ನೆಬ್ರಿಹಾನ ಲ್ಯಾಟಿನ್ ಪಠ್ಯದಿಂದ ವ್ಯಾಕರಣ ಕಲಿತವರು. ಆ ಚೌಕಟ್ಟನ್ನೇ ಹಿಡಿದು ಆಂದ್ರೆಸ್ ದೆ ಓಲ್ಮೊಸ್ 1547ರಲ್ಲಿ ಮೆಕ್ಸಿಕೊದ ನಾವಾತ್ಲ್ ಭಾಷೆಗೂ, ದೊಮಿಂಗೊ ದೆ ಸಾಂತೊ ತೊಮಾಸ್ 1560ರಲ್ಲಿ ಪೆರುವಿನ ಕೆಚುವಾ ಭಾಷೆಗೂ ವ್ಯಾಕರಣ ಬರೆದರು. ಸೋತವರು ಕಾಸ್ತೀಲಿಯನ್ ಕಲಿಯಲೆಂದು ಹೊರಟ ವಿದ್ಯೆ, ಗೆದ್ದವರು ಸೋತವರ ಭಾಷೆ ಕಲಿಯುವ ಸಾಧನವಾಯಿತು. ಅಲೋನ್ಸೊ ದೆ ಮೊಲಿನಾನ ನಾವಾತ್ಲ್ ನಿಘಂಟಿಗೂ ನೆಬ್ರಿಹಾನ ಪದಕೋಶವೇ ಮಾದರಿ.

ಭಾರತದ ಪಶ್ಚಿಮ ಕರಾವಳಿಗೆ ಬಂದ ಪೋರ್ಚುಗೀಸ್ ಮಿಷನರಿಗಳು ಅನುಸರಿಸಿದುದು ಮುಖ್ಯವಾಗಿ ತಮ್ಮದೇ ದೇಶದ ವೈಯಾಕರಣರನ್ನು. ಇಂಗ್ಲೆಂಡಿನಿಂದ ಬಂದ ಜೆಸ್ಯೂಟ್ ಪಾದ್ರಿ ಥಾಮಸ್ ಸ್ಟೀಫನ್ಸ್ ರಚಿಸಿದ, 1640ರಲ್ಲಿ ಗೋವೆಯ ರಾಯ್ತೂರಿನಲ್ಲಿ ಅಚ್ಚಾದ ವ್ಯಾಕರಣದ ಹೆಸರಿನಲ್ಲಿ ಕನಾರಿಂ ಎಂಬ ಪದವಿದೆ. ಅದನ್ನು ನೋಡಿ ಕನ್ನಡ ವ್ಯಾಕರಣವೆಂದು ಭಾವಿಸುವುದುಂಟು, ಅದು ಕೊಂಕಣಿಯದು.

ಸ್ಪೇನಿನ ರಾಯಲ್ ಅಕಾಡೆಮಿ ತನ್ನ ಮೊದಲ ವ್ಯಾಕರಣವನ್ನು ಪ್ರಕಟಿಸಿದ್ದು 1771ರಲ್ಲಿ, ನೆಬ್ರಿಹಾನ ಗ್ರಂಥ ಬಂದು 279 ವರ್ಷಗಳ ಬಳಿಕ. ಮ್ಯಾಡ್ರಿಡ್‌ನ ರಾಷ್ಟ್ರೀಯ ಗ್ರಂಥಾಲಯದ ಮುಂಭಾಗದಲ್ಲಿ ಸ್ಪ್ಯಾನಿಷ್ ಸಾಹಿತ್ಯದ ಮಹನೀಯರ ಶಿಲ್ಪಗಳ ಸಾಲಿನಲ್ಲಿ ಅವನ ಪ್ರತಿಮೆಯೂ ಇದೆ. ಅದೇ ನಗರದ ಒಂದು ಖಾಸಗಿ ವಿಶ್ವವಿದ್ಯಾನಿಲಯಕ್ಕೆ ಅವನ ಹೆಸರಿದೆ. 2022ರಲ್ಲಿ ಅವನು ತೀರಿಕೊಂಡು ಐನೂರು ವರ್ಷಗಳಾದ ಸಂದರ್ಭದಲ್ಲಿ ಸ್ಪೇನಿನಲ್ಲಿ ಪ್ರದರ್ಶನಗಳೂ ವಿಚಾರಗೋಷ್ಠಿಗಳೂ ನಡೆದವು.